ಅರುವತ್ತು ಮೀಟರಿನ ಆಳ

ತಿಪಟೂರಿನ ರೈಲ್ವೆ ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ, ಸಮುದ್ರಮಟ್ಟದಿಂದ ಈ ಸ್ಥಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುವರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಾದ ನಮಗೂ ಸಮುದ್ರಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ಅಷ್ಟರಲ್ಲಿಯೇ ಮುಗಿಯುವುದು. ತೆಂಗು ಕಡಲತೀರದ ಮರವೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ತೆಂಗು ಮಾತ್ರ ಕಡಲನ್ನು ಕಂಡುದಿಲ್ಲ. ಹೀಗಿರಲು, ಕಡಲ ತಳಕ್ಕೆ ಮುಳುಗಿಹೋದ ವಿಮಾನದ ವಿಷಯ ಈ ಸಂಚಿಕೆಗೆ ಏತಕ್ಕೆ ಎಂದು ವಾಚಕರು ಕೇಳಬಹುದು. ತರಗತಿಯಲ್ಲಿ ಖಂಡಾವರಣ ಪ್ರದೇಶದ ಪಾಠ ನಡೆದಾಗ ನನ್ನ ಮನಸ್ಸಿನಲ್ಲಿ ಎದ್ದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅಷ್ಟು ನೀರಿನ ಅಡಿಯಲ್ಲಿ ಬಿದ್ದುದನ್ನು ಮನುಷ್ಯನು ತಾನೇ ಹೋಗಿ ಮುಟ್ಟಿ ಬರಬಲ್ಲನೆ? ಬಲ್ಲನಾದರೆ ಎಷ್ಟು ಆಳದವರೆಗೆ? ಉತ್ತರವನ್ನು ಹುಡುಕುತ್ತ ಹೋದಾಗ ಅದು ನಮ್ಮ ಕಾರವಾರದ ಕಡಲಿನ ಸಮೀಪದಲ್ಲಿಯೇ ದೊರೆಯಿತು.

೨೦೧೫ನೆಯ ಇಸವಿ ಮಾರ್ಚ್ ೨೪ರ ರಾತ್ರಿ ಭಾರತೀಯ ನೌಕಾಪಡೆಗೆ ಸೇರಿದ ಡಾರ್ನಿಯರ್ ವಿಮಾನವೊಂದು ಗೋವೆಯ ನೆಲೆಯಿಂದ ಅಭ್ಯಾಸಕ್ಕೆಂದು ಹೊರಟಿತು. ಅದರಲ್ಲಿದ್ದವರು ಮೂವರು ಅಧಿಕಾರಿಗಳು. ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ವಿಮಾನವು ಗೋವೆಯಿಂದ ನೈಋತ್ಯ ದಿಕ್ಕಿಗೆ ಸುಮಾರು ೨೫ ನಾಟಿಕಲ್ ಮೈಲಿ, ಎಂದರೆ ೪೬ ಕಿಲೋಮೀಟರ್ ದೂರದಲ್ಲಿ ಸಮುದ್ರಕ್ಕೆ ಬಿದ್ದಿತು. ಒಬ್ಬ ಅಧಿಕಾರಿಯನ್ನು ಮೀನುಗಾರರ ದೋಣಿಯವರು ನೀರಿನಿಂದೆತ್ತಿ ಉಳಿಸಿದರು. ಲೆಫ್ಟಿನೆಂಟ್ ಕಿರಣ್ ಶೇಖಾವತ್ ಮತ್ತು ಲೆಫ್ಟಿನೆಂಟ್ ಅಭಿನವ್ ನಾಗೋರಿ ಎಂಬ ಇನ್ನಿಬ್ಬರು ಸಿಕ್ಕಲಿಲ್ಲ. ಎರಡು ದಿನಗಳ ಮೇಲೆ, ೨೬ನೆಯ ತಾರೀಖು, ಕಾರವಾರವನ್ನು ತನ್ನ ನೆಲೆಯಾಗಿ ಉಳ್ಳ 'ಮಕರ್' ಎಂಬ ಮೋಜಣಿ ಹಡಗು ವಿಮಾನದ ಒಡಲನ್ನು ಕಡಲ ತಳದಲ್ಲಿ ಪತ್ತೆ ಮಾಡಿತು. ಆಳ ಸುಮಾರು ೬೦ ಮೀಟರ್. ನೌಕಾಪಡೆಯ ಮುಳುಗುಗಾರರು ಇಳಿದು ಕಿರಣ್ ಶೇಖಾವತ್ ಅವರ ದೇಹವನ್ನು ಮೇಲಕ್ಕೆ ತಂದರು. ಬಳಿಕ ನಾಗೋರಿಯವರ ದೇಹವೂ ದೊರೆಯಿತು. ಅದೇ ವರ್ಷದ ಜನವರಿ ೨೬ರಂದು ದೆಹಲಿಯ ರಾಜಪಥದಲ್ಲಿ ನಡೆದ ನೌಕಾಪಡೆಯ ಮಹಿಳಾ ತುಕಡಿಯಲ್ಲಿ ಕಿರಣ್ ಅವರು ಹೆಜ್ಜೆ ಹಾಕಿದ್ದರು. ನೌಕಾಪಡೆಯಲ್ಲಿ ಕರ್ತವ್ಯದ ಮೇಲಿದ್ದಾಗ ಮಡಿದ ಮೊದಲನೆಯ ಮಹಿಳಾ ಅಧಿಕಾರಿ ಅವರೇ.

ಅರುವತ್ತು ಮೀಟರ್ ಎಂದರೆ ಎಷ್ಟು? ನಮ್ಮ ತೋಟದ ಹಳೆಯ ಮರಗಳನ್ನು ಒಂದರ ಮೇಲೊಂದರಂತೆ ಮೂರನ್ನು ನಿಲ್ಲಿಸಿದಷ್ಟು. ನೆಲದ ಮೇಲೆ ಇದೇನೂ ದೂರವಲ್ಲ. ಒಂದು ಬೀಡಿ ಹಚ್ಚುವಷ್ಟರಲ್ಲಿ ನಡೆದುಬಿಡಬಹುದು. ನಮ್ಮ ಕಡೆಯ ಕೊಳವೆ ಬಾವಿಗಳು ಇದಕ್ಕಿಂತ ಎಷ್ಟೋ ಪಾಲು ಆಳಕ್ಕೆ ಹೋಗಿವೆ. ಆದರೆ ಕೊಳವೆ ಬಾವಿಗೆ ಇಳಿಯುವುದು ಕಬ್ಬಿಣದ ಪೈಪು; ಇಲ್ಲಿ ಇಳಿಯಬೇಕಾದುದು ರಕ್ತಮಾಂಸದ ದೇಹ.

ಕರಾವಳಿಯಿಂದ ಅಷ್ಟು ದೂರ ಹೋದರೂ ಆಳವು ಅರುವತ್ತೇ ಮೀಟರ್ ಆದುದು ಹೇಗೆಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ಮಾತೆಲ್ಲ ಇದನ್ನು ಅವಲಂಬಿಸಿದೆ. ಭೂಖಂಡವು ತೀರದಲ್ಲಿ ಥಟ್ಟನೆ ಮುಗಿಯುವುದಿಲ್ಲ. ನೀರಿನೊಳಗೂ ಅದು ಸ್ವಲ್ಪ ದೂರ ಜಗಲಿಯಂತೆ ಚಾಚಿಕೊಂಡಿದ್ದು, ಆಮೇಲೆ ಕಡಿದಾಗಿ ಇಳಿಯುವುದು. ಈ ಜಗಲಿಯೇ ಖಂಡಾವರಣ ಪ್ರದೇಶ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅದು ಅಗಲ. ಪೂರ್ವ ಕರಾವಳಿಯ ತಮಿಳುನಾಡಿನ ಕಡೆ ಬಹಳ ಇಕ್ಕಟ್ಟು. ಅದೇ ೨೦೧೫ರ ಜೂನ್ ೮ರಂದು ಕರಾವಳಿ ರಕ್ಷಣಾ ದಳದ ಇನ್ನೊಂದು ಡಾರ್ನಿಯರ್ ಮೂವರೊಡನೆ ತಮಿಳುನಾಡಿನಾಚೆ ಬಿದ್ದಿತು. ಅದು ಬಿದ್ದ ಸ್ಥಳ ತೀರಕ್ಕೆ ಗೋವೆಯ ವಿಮಾನಕ್ಕಿಂತ ಹತ್ತಿರ. ಆಳವೋ ಸುಮಾರು ೯೫೦ ಮೀಟರ್! ಒಂದೇ ಜಾತಿಯ ವಿಮಾನ, ಒಂದೇ ವರ್ಷ. ಒಂದರ ಬಳಿಗೆ ಮನುಷ್ಯನು ಹೋಗಲು ಸಾಧ್ಯವಾಯಿತು, ಇನ್ನೊಂದರ ಬಳಿಗೆ ಆಗಲಿಲ್ಲ. ಈ ಭೇದವನ್ನು ಮಾಡಿದುದು ಕಣ್ಣಿಗೆ ಕಾಣದ ಆ ಜಗಲಿಯ ಅಗಲ.

ಈಗ ಹುಡುಕುವ ಬಗೆ. ಸೇದುವ ಬಾವಿಗೆ ಬಿಂದಿಗೆ ಬಿದ್ದರೆ ನಾವು ಪಾತಾಳಗರಡಿಯನ್ನು ಇಳಿಬಿಟ್ಟು ತಡಕುವೆವು. ಬಾವಿಗೆ ಸುತ್ತಲೂ ಗೋಡೆಯಿದೆ. ಎಷ್ಟು ತಪ್ಪಿದರೂ ಕೊಕ್ಕೆಗೆ ಒಮ್ಮೆ ಬಿಂದಿಗೆ ಸಿಕ್ಕೀತು. ಗೋಡೆಯಿಲ್ಲದ ಕಡಲಿನಲ್ಲಿ ತಡಕುವುದು ಶಬ್ದದಿಂದ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಓಡಿದರೆ ಕಡಲ ನೀರಿನಲ್ಲಿ ಸುಮಾರು ೧,೫೦೦ ಮೀಟರ್ ಓಡುವುದು. ಹಡಗು ನೇರವಾದ ಸಾಲಿನಲ್ಲಿ ಹೋಗುತ್ತ ಎರಡು ಪಕ್ಕಗಳಿಗೂ ಶಬ್ದವನ್ನು ಕಳುಹಿಸಿ, ತಳದಿಂದ ಮರಳಿ ಬಂದ ಪ್ರತಿಧ್ವನಿಯನ್ನು ಚಿತ್ರವಾಗಿ ಬರೆದುಕೊಳ್ಳುವುದು. ಬಳಿಕ ತಿರುಗಿ ಮಗ್ಗುಲಿನ ಸಾಲನ್ನು ಹಿಡಿಯುವುದು. ಹೊಲ ಉಳುವವನು ಸಾಲು ಹಾಕಿದಂತೆಯೇ ಸರಿ. ಕೆಸರು ಶಬ್ದವನ್ನು ಹೀರುವುದು, ಲೋಹವು ಗಟ್ಟಿಯಾಗಿ ಹಿಂದಿರುಗಿಸುವುದು, ಮೇಲೆದ್ದು ನಿಂತ ವಸ್ತುವಿನ ಹಿಂದೆ ನೆರಳು ಬೀಳುವುದು. ಆ ನೆರಳಿನ ಆಕಾರವನ್ನು ಓದಿ ಇದು ಬಂಡೆ, ಇದು ವಿಮಾನ ಎಂದು ತಿಳಿಯುವರು. ಮಕರ್ ಹಡಗು ಎರಡು ಒಡಲುಗಳನ್ನು ಜೋಡಿಸಿ ಕಟ್ಟಿದುದು. ಸಮುದ್ರತಳದ ನಕ್ಷೆಗಳನ್ನು ತಯಾರಿಸುವುದೇ ಅದರ ನಿತ್ಯದ ಕೆಲಸ.

ಸಿಕ್ಕಿದ ಮೇಲೆ ಇಳಿಯಬೇಕಾದವನ ಪಾಡನ್ನು ನೋಡೋಣ. ನಾವು ಕೂತಲ್ಲಿ ನಿಂತಲ್ಲಿ ಹೊತ್ತಿರುವ ಗಾಳಿಯ ತೂಕಕ್ಕೆ ಒಂದು ವಾಯುಭಾರವೆಂದು ಹೆಸರು. ಕಡಲಿನಲ್ಲಿ ಪ್ರತಿ ೧೦ ಮೀಟರ್ ಇಳಿದಂತೆಲ್ಲ ಇನ್ನೊಂದು ವಾಯುಭಾರ ಸೇರುತ್ತ ಹೋಗುವುದು. ೬೦ ಮೀಟರಿನಲ್ಲಿ ನೀರಿನದು ಆರು, ಗಾಳಿಯದು ಒಂದು, ಒಟ್ಟು ಏಳು. ೧೬೬೨ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ: ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುವುದು. ಮೇಲೆ ಏಳು ಲೀಟರ್ ಇದ್ದ ಗಾಳಿ ಆ ಆಳದಲ್ಲಿ ಒಂದೇ ಲೀಟರ್. ಆದುದರಿಂದ ಮೇಲಿನಿಂದ ಬಿಟ್ಟ ಬರಿಯ ಕೊಳವೆಯಲ್ಲಿ ಉಸಿರಾಡುವುದು ಸಾಧ್ಯವೇ ಇಲ್ಲ. ಎದೆಯು ಅಷ್ಟು ಭಾರವನ್ನು ತಳ್ಳಿ ಹಿಗ್ಗಲಾರದು. ಸುತ್ತಲಿನ ನೀರಿನ ಒತ್ತಡ ಎಷ್ಟೋ ಅಷ್ಟೇ ಒತ್ತಡದ ಗಾಳಿಯನ್ನು ಬಾಯಿಗೆ ಒದಗಿಸಬೇಕು. ಈ ಕೆಲಸವನ್ನು ತಾನಾಗಿಯೇ ಮಾಡುವ ಕವಾಟವನ್ನು ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕೂಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗನ್ಯಾನ್ ಸಿದ್ಧಪಡಿಸಿದರು. ಇಂದಿನ ಸ್ಕೂಬಾ ಉಪಕರಣದ ಮೂಲ ಅದೇ. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ ಮೋಟಾರುಗಳನ್ನು ಬೇರೆ ಅನಿಲಗಳಿಂದ ಓಡಿಸುತ್ತಿದ್ದರಷ್ಟೆ. ಅಂತಹ ಮೋಟಾರಿಗೆಂದು ಗನ್ಯಾನ್ ಮಾಡಿದ್ದ ಕವಾಟವೇ ಇದಕ್ಕೆ ಆಧಾರವಾಯಿತು. ಆ ಕಾಲದ ಇದ್ದಿಲಿನ ಬಸ್ಸುಗಳ ಮಾತನ್ನು ನಮ್ಮಲ್ಲಿಯೂ ಹಿರಿಯರಿಂದ ಕೇಳಿದವರುಂಟು.

ಆದರೆ ಈ ಉಪಕಾರಕ್ಕೆ ತೆರಬೇಕಾದ ಬೆಲೆಯೂ ಇದೆ. ಮನುಷ್ಯನು ನಿಮಿಷಕ್ಕೆ ೨೦ ಲೀಟರ್ ಗಾಳಿಯನ್ನು ಸೇದುವನೆಂದು ಇಟ್ಟುಕೊಳ್ಳೋಣ. ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಭಾರದಷ್ಟು ಒತ್ತಿ ತುಂಬಿದರೆ ೨,೪೦೦ ಲೀಟರ್ ಆಯಿತು. ನೀರಿನ ಮೇಲೆ ಇದು ಎರಡು ಗಂಟೆಗೆ ಸಾಕು. ೬೦ ಮೀಟರಿನಲ್ಲಿ ಒಂದೊಂದು ಉಸಿರಿಗೂ ಏಳು ಉಸಿರಿನ ಗಾಳಿ ಖರ್ಚಾಗುವುದರಿಂದ ಹದಿನೇಳು ನಿಮಿಷಕ್ಕೆ ಮುಗಿದುಹೋಗುವುದು. ಇಳಿಯುವ ಹೊತ್ತು, ಏರುವ ಹೊತ್ತು ಎರಡೂ ಇದರೊಳಗೆ ಬರಬೇಕು. ಗಾಬರಿಗೊಂಡವನ ಉಸಿರು ಎರಡರಷ್ಟಾಗುವುದೆಂಬುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಂತಹ ಆಳಕ್ಕೆ ಒಂದೇ ಸಿಲಿಂಡರನ್ನು ನಂಬಿ ಯಾರೂ ಇಳಿಯುವುದಿಲ್ಲ.

ಗಾಳಿ ಬೇಕಾದಷ್ಟಿದ್ದರೂ ಆ ಗಾಳಿಯೇ ಶತ್ರುವಾಗುವುದು ಇನ್ನೂ ವಿಚಿತ್ರ. ನಾವು ಸೇದುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ನೆಲದ ಮೇಲೆ ಅದು ಸಾಧು. ಬಂದ ಹಾಗೆ ಹೊರಟುಹೋಗುವುದು. ೩೦ ಮೀಟರಿನ ಕೆಳಗೆ ಅದು ಅಮಲೇರಿಸತೊಡಗುವುದು. ಹೆಂಡ ಕುಡಿದವನಂತೆ ಮುಳುಗುಗಾರನಿಗೆ ಕಾರಣವಿಲ್ಲದೆ ಸಂತೋಷವಾಗುವುದು, ಎಣಿಕೆ ತಪ್ಪುವುದು, ಗಡಿಯಾರವನ್ನು ನೋಡಿದರೂ ಅರ್ಥವಾಗದಿರುವುದು. ಕೂಸ್ಟೋ ಅವರ ಸಂಗಡಿಗರಾದ ಮೋರಿಸ್ ಫಾರ್ಗ್ ಎಂಬವರು ೧೯೪೭ರಲ್ಲಿ ಆಳದ ದಾಖಲೆಗಾಗಿ ಇಳಿದರು. ಹಗ್ಗಕ್ಕೆ ಕಟ್ಟಿದ್ದ ಹಲಗೆಗಳ ಮೇಲೆ ಇಳಿದಂತೆಲ್ಲ ರುಜು ಹಾಕುತ್ತ ಹೋಗಬೇಕೆಂಬುದು ಏರ್ಪಾಡು. ಸುಮಾರು ೧೨೦ ಮೀಟರಿನ ಹಲಗೆಯ ಮೇಲೆ ಅವರ ರುಜು ಇದ್ದಿತು. ಮೇಲೆ ಬಂದುದು ಅವರ ಶವ.

ಆಮ್ಲಜನಕದ ಕಥೆ ಬೇರೆ. ಪ್ರಾಣವಾಯುವೆಂದೇ ಅದಕ್ಕೆ ಹೆಸರು. ೬೦ ಮೀಟರಿನಲ್ಲಿ ಗಾಳಿಯನ್ನು ಸೇದಿದರೆ, ನೆಲದ ಮೇಲೆ ಅಪ್ಪಟ ಆಮ್ಲಜನಕವನ್ನು ಸೇದಿದುದರ ಸುಮಾರು ಒಂದೂವರೆಯಷ್ಟು ದಟ್ಟವಾಗಿ ಅದು ದೇಹವನ್ನು ಸೇರುವುದು. ಅಲ್ಲಿಂದ ಸ್ವಲ್ಪವೇ ಕೆಳಗೆ ಹೋದರೆ, ೬೬ ಮೀಟರಿನ ಸುಮಾರಿಗೆ, ಅದು ವಿಷವಾಗುವ ಗಡಿ. ಮುನ್ಸೂಚನೆ ಇಲ್ಲದೆ ಫಿಟ್ಸಿನಂತಹ ಸೆಳೆತ ಬಂದು ಬಾಯಿಯಿಂದ ಉಸಿರಿನ ಕೊಳವೆ ಜಾರಿದರೆ ಅಲ್ಲಿಗೆ ಮುಗಿಯಿತು. ಹಳೆಯ ಬಾವಿಗೆ ಇಳಿಯುವ ಮುನ್ನ ನಮ್ಮ ಹಿರಿಯರು ದೀಪವನ್ನು ಇಳಿಬಿಟ್ಟು ಕೆಟ್ಟ ಗಾಳಿಯನ್ನು ಪರೀಕ್ಷಿಸುವುದುಂಟು. ಕಡಲ ತಳದಲ್ಲಿ ಒಳ್ಳೆಯ ಗಾಳಿಯೇ ಕೆಟ್ಟದಾಗುವಾಗ ಯಾವ ದೀಪವೂ ಹೇಳಲಾರದು. ಆದುದರಿಂದ ಆಳಕ್ಕೆ ಇಳಿಯುವವರು ಸಾರಜನಕವನ್ನೂ ಆಮ್ಲಜನಕವನ್ನೂ ತಗ್ಗಿಸಿ, ಹೀಲಿಯಂ ಬೆರೆಸಿದ ಅನಿಲವನ್ನು ಸೇದುವರು. ಹೀಲಿಯಂ ಹಗುರವಾದುದು, ಅಮಲು ಬರಿಸದು. ಆದರೆ ಬೆಲೆ ಬಹಳ.

ಇಷ್ಟೆಲ್ಲ ದಾಟಿ ಕೆಲಸ ಮುಗಿಸಿದವನಿಗೆ ಏರುವುದೇ ಅತ್ಯಂತ ಕಠಿಣವಾದ ಭಾಗ. ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದವರೆಲ್ಲರೂ ಇದನ್ನು ಬಲ್ಲರು. ಗೋಲಿ ಬಿಗಿಯಾಗಿ ಕೂತಿರುವವರೆಗೆ ನೀರು ತಿಳಿ. ಒತ್ತಿದೊಡನೆ ಗುಳ್ಳೆಗಳು ಬುಸ್ಸೆಂದು ಏಳುವುವು. ಒತ್ತಡದಲ್ಲಿ ಇರುವವರೆಗೆ ಸಾರಜನಕವು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗಿ ಕೂತಿರುವುದು. ಮುಳುಗುಗಾರನು ಅವಸರದಿಂದ ಮೇಲೆ ಬಂದನೋ, ಸೋಡಾದಂತೆ ಗುಳ್ಳೆಗಳೇಳುವುವು. ಕೀಲುಗಳಲ್ಲಿ ನೋವು, ಬೆನ್ನುಹುರಿಯಲ್ಲಿ ಎದ್ದರೆ ಪಾರ್ಶ್ವವಾಯು, ಕೆಲವೊಮ್ಮೆ ಮರಣ. ಇದನ್ನು ಹೆಚ್ಚಾಗಿ ಮೊದಲು ಅನುಭವಿಸಿದವರು ಸೇತುವೆಗಳ ಅಡಿಪಾಯಕ್ಕಾಗಿ ಒತ್ತಿದ ಗಾಳಿಯ ಕೋಣೆಗಳಲ್ಲಿ ಮಣ್ಣು ಬಗೆದ ಕೂಲಿಗಳು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ರೋಬ್ಲಿಂಗ್ ಅವರೂ ೧೮೭೨ರಲ್ಲಿ ಇದರಿಂದ ಹಾಸಿಗೆ ಹಿಡಿದರು. ಎಂಜಿನಿಯರರ ಹೆಸರು ಉಳಿಯಿತು. ಕೂಲಿಗಳ ಹೆಸರನ್ನು ಕೇಳುವವರಿಲ್ಲ.

ಸಾರಜನಕದ ಗುಳ್ಳೆಯೇ ಕಾರಣವೆಂದು ೧೮೭೮ರಲ್ಲಿ ಪಾಲ್ ಬೆರ್ ತೋರಿಸಿಕೊಟ್ಟರು. ಎಷ್ಟು ನಿಧಾನವಾಗಿ ಏರಬೇಕೆಂಬ ಲೆಕ್ಕವನ್ನು ೧೯೦೮ರಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಅವರ ಪ್ರಯೋಗಕ್ಕೆ ಒದಗಿದುವು ಆಡುಗಳು. ಕಬ್ಬಿಣದ ಕೋಣೆಯಲ್ಲಿ ಆಡುಗಳನ್ನು ಒತ್ತಡಕ್ಕೆ ಗುರಿಮಾಡಿ, ಹೊರತಂದ ಮೇಲೆ ಯಾವುದು ಕುಂಟುವುದೆಂದು ನೋಡುವುದು. ಒಂದೇ ಏರಿಕೆಗೆ ಬರದೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ನಿಂತು ಬಂದರೆ ಅಪಾಯ ತಗ್ಗುವುದೆಂದು ಅವರು ಕಂಡುಕೊಂಡರು. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ಆಡನ್ನು ಬಿಟ್ಟು ತಮ್ಮ ದೇಹದ ಮೇಲೆಯೇ ಇಂತಹ ಪ್ರಯೋಗಗಳನ್ನು ನಡೆಸಿದರು. ಅವರು ೧೯೫೭ರಲ್ಲಿ ನಮ್ಮ ದೇಶಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ೬೦ ಮೀಟರಿನಲ್ಲಿ ಇಪ್ಪತ್ತು ನಿಮಿಷ ಕಳೆದವನು ಮೇಲೇರಲು ಅದಕ್ಕಿಂತ ಹೆಚ್ಚು ಹೊತ್ತನ್ನು ಹಗ್ಗ ಹಿಡಿದು ನಡುನೀರಿನಲ್ಲಿ ಕಾಯುತ್ತ ಕಳೆಯಬೇಕು. ಮೇಲೆ ಬೆಳಕು ಕಾಣುವುದು, ಹಡಗಿನ ತಳವೂ ಕಂಡೀತು, ಹೋಗುವಂತಿಲ್ಲ.

ವಿಮಾನದ ಅವಶೇಷವು ತಾನೇ ಒಂದು ಬಲೆ. ವಿಮಾನದ ತೆಳ್ಳನೆಯ ಅಲ್ಯುಮಿನಿಯಂ ಮೈ ನೀರಿಗೆ ಬಡಿದಾಗ ಹರಿದು ಕತ್ತಿಯಂತಾಗಿರುವುದು. ಒಳಗೆ ತಂತಿಗಳ ಸಿಕ್ಕು, ಇಕ್ಕಟ್ಟಾದ ಬಾಗಿಲು, ಕಾಲು ತಗುಲಿದರೆ ಮೇಲೇಳುವ ಕೆಸರು. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲಿಯೇ ಮಾಯವಾಗುವುದರಿಂದ ಆ ಆಳದಲ್ಲಿ ದೀಪವಿಲ್ಲದೆ ಎಲ್ಲವೂ ಮಂಕಾದ ನೀಲಿ ಹಸುರು. ಕೈ ಕೊಯ್ದುಕೊಂಡರೆ ರಕ್ತವೂ ಕೆಂಪಾಗಿ ಕಾಣದು. ಇಂತಹ ಕಡೆ, ಅಮಲೇರಿದ ತಲೆಯನ್ನಿಟ್ಟುಕೊಂಡು, ನಿಮಿಷಗಳನ್ನು ಎಣಿಸುತ್ತ ಕೆಲಸ ಮಾಡಬೇಕು. ಮೋಜಿಗಾಗಿ ಮುಳುಗುವವರಿಗೆ ೪೦ ಮೀಟರನ್ನು ಎಲ್ಲೆಯಾಗಿ ಹಾಕಿರುವುದು ಸುಮ್ಮನೆ ಅಲ್ಲ. ಹೊಸಬರಿಗೆ ೧೮ ಮೀಟರ್ ಮಾತ್ರ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿಯಲು ಹೋಗುವವರು ಮೀನುಗಳನ್ನೂ ಹವಳಗಳನ್ನೂ ನೋಡಿ ಬರುವುದು ಈ ಎಲ್ಲೆಯೊಳಗೇ. ಪೆಸಿಫಿಕ್ ಸಾಗರದ ಚೂಕ್ ದ್ವೀಪಗಳಲ್ಲಿ ೧೯೪೪ರ ಫೆಬ್ರವರಿಯ ದಾಳಿಯಲ್ಲಿ ಮುಳುಗಿದ ಜಪಾನಿನ ಹಡಗುಗಳನ್ನೂ ವಿಮಾನಗಳನ್ನೂ ನೋಡಲು ಜಗತ್ತಿನ ನಾನಾ ಕಡೆಯಿಂದ ಪ್ರವಾಸಿಗರು ಹೋಗುವರಂತೆ. ಅವರನ್ನು ನಾನು ದೂರುವುದಿಲ್ಲ. ಇತಿಹಾಸವನ್ನು ಕಣ್ಣಾರೆ ಕಾಣುವ ಆಸೆ ಯಾರಿಗಿಲ್ಲ? ಆದರೂ ಅವುಗಳಲ್ಲಿ ಎಷ್ಟೋ ಜನರ ಸಮಾಧಿಯೂ ಇದೆಯೆಂಬುದನ್ನು ಮರೆತು ಬೊಂಬೆಯಂಗಡಿಗೆ ಹೊಕ್ಕಂತೆ ಹೊಗಬಾರದಷ್ಟೆ.

ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವಳು ನಾನೇ ಮೊದಲು. ಆದುದರಿಂದ ಓದಿದುದನ್ನು ಮನೆಯಲ್ಲಿ ಬಿಡಿಸಿ ಹೇಳಬೇಕೆಂಬುದು ಒಂದು ಅಲಿಖಿತ ಕಾಯಿದೆ. ಕಾಯಿ ಸುಲಿಯುವವರು ಊಟಕ್ಕೆ ಕೂತಿದ್ದ ಒಂದು ಮಧ್ಯಾಹ್ನ ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದಳು: "ಸತ್ತೋರ್ನ ತರಾಕೆ ಬದುಕಿರೋರ್ನ ಇಳಿಸ್ತಾರೇನವ್ವ? ಇಳಿದೋನಿಗೂ ಹೆಡ್ತಿ ಮಕ್ಕಳು ಇರಾಕಿಲ್ವಾ?" ನನ್ನ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರವನ್ನು ಕೊಟ್ಟವರು ಸುಲಿಯುವವರಲ್ಲಿ ಹಿರಿಯರಾದ ಒಬ್ಬರು: "ಕೆರೇಲಿ ಯಾರಾನ ಹೋದ್ರೆ ಹೆಣ ಸಿಗೋಗಂಟ ಏರಿ ಬಿಟ್ಟು ಬತ್ತೀವೇನಕ್ಕ ನಾವು?"

ಆ ಮಾತು ನಿಜ. ಹೇಮಾವತಿಯ ನೀರು ಬಂದು ಕೆರೆ ತುಂಬಿದ ವರ್ಷ ಯಾರಾದರೂ ಮುಳುಗಿದರೆ, ದೇಹ ಸಿಕ್ಕುವ ತನಕ ಊರು ಏರಿಯ ಮೇಲೆಯೇ ನಿಂತಿರುವುದು. ಈಜು ಬಲ್ಲವರು ಸರದಿಯ ಮೇಲೆ ಮುಳುಗುವರು. ಮಣ್ಣು ಮಾಡದೆ ಹಾಲುತುಪ್ಪವಿಲ್ಲ, ಹಾಲುತುಪ್ಪವಾಗದೆ ಮನೆಯವರ ಬಾಯಿಗೆ ನೆಮ್ಮದಿಯ ತುತ್ತಿಲ್ಲ. ದೇಹ ಕಾಣದಿದ್ದರೆ ಹೆಂಡತಿ ಕುಂಕುಮವನ್ನು ಇಡುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯುವುದು. ಮನಸ್ಸು ಎಷ್ಟು ವರ್ಷ ಕಾಯುವುದೋ! ಇದರ ಜೊತೆಗೆ ಇನ್ನೊಂದು ಪ್ರಯೋಜನವನ್ನೂ ಹೇಳಬೇಕು. ವಿಮಾನ ಏತಕ್ಕೆ ಬಿದ್ದಿತೆಂಬುದನ್ನು ಅವಶೇಷವೂ, ಅದರೊಳಗಿನ ದಾಖಲೆ ಪೆಟ್ಟಿಗೆಯೂ ತಿಳಿಸಬಲ್ಲವು. ನಾಳೆ ಅದೇ ಜಾತಿಯ ವಿಮಾನವನ್ನೇರುವವರಿಗೆ ಅದು ಬೇಕು. ಆದರೂ ನನಗೆ ತೋರುವಂತೆ, ಏರಿಯ ಮೇಲೆ ನಿಂತವರ ಕಾರಣವೇ ಮೊದಲನೆಯದು.

೨೦೨೦ರ ನವೆಂಬರ್ ೨೬ರಂದು, ಕಾರವಾರದ ನೆಲೆಗೆ ಸೇರಿದ 'ವಿಕ್ರಮಾದಿತ್ಯ' ನೌಕೆಯಿಂದ ಹಾರಿದ ಮಿಗ್-೨೯ಕೆ ವಿಮಾನವೊಂದು ಗೋವೆಯಾಚೆ ಕಡಲಿಗೆ ಬಿದ್ದಿತು. ಒಬ್ಬ ಚಾಲಕರು ಬದುಕಿದರು. ಕಮಾಂಡರ್ ನಿಶಾಂತ್ ಸಿಂಗ್ ಕಾಣೆಯಾದರು. ಹನ್ನೊಂದು ದಿನಗಳ ಹುಡುಕಾಟದ ಮೇಲೆ ತೀರದಿಂದ ಸುಮಾರು ೩೦ ಮೈಲಿಯಾಚೆ, ೭೦ ಮೀಟರ್ ಆಳದ ತಳದಲ್ಲಿ ಅವರ ದೇಹ ಸಿಕ್ಕಿತು. ಮೇಲೆ ಹೇಳಿದ ಆಮ್ಲಜನಕದ ಗಡಿಯನ್ನು ವಾಚಕರು ನೆನೆಯಬೇಕು: ೭೦ ಮೀಟರ್ ಅದನ್ನು ದಾಟಿದ ಆಳ. ತಮಿಳುನಾಡಿನ ಡಾರ್ನಿಯರಿನ ವಿಷಯದಲ್ಲಿ ಮುಳುಗುಗಾರರ ಮಾತೇ ಇರಲಿಲ್ಲ. ದಾಖಲೆ ಪೆಟ್ಟಿಗೆಗೆ ಕಟ್ಟಿದ ಸಣ್ಣ ಸಾಧನವು ನೀರಿನಲ್ಲಿ ಬಿದ್ದೊಡನೆ ಟಿಕ್ ಟಿಕ್ ಎಂದು ಶಬ್ದ ಮಾಡತೊಡಗುವುದು. ಅದರ ಬ್ಯಾಟರಿಯ ಆಯುಸ್ಸು ಆಗ ಸುಮಾರು ಮೂವತ್ತು ದಿನ. ತಿಂಗಳು ತುಂಬುತ್ತ ಬಂದಾಗ 'ಸಿಂಧುಧ್ವಜ' ಎಂಬ ಜಲಾಂತರ್ಗಾಮಿಯು ಆ ದನಿಯನ್ನು ಕೇಳಿಸಿಕೊಂಡಿತು. ಬಳಿಕ ಹಡಗಿನಿಂದ ಇಳಿಬಿಟ್ಟ ಯಂತ್ರವು ೯೫೦ ಮೀಟರಿನಿಂದ ಪೆಟ್ಟಿಗೆಯನ್ನು ಎತ್ತಿತು.

ಮನುಷ್ಯನ ಎಲ್ಲೆಯನ್ನು ಕೆಳಗಿಳಿಸುವ ಯತ್ನವೂ ನಡೆದಿದೆ. ಒಂದು ಆಳದಲ್ಲಿ ದೇಹವು ಅನಿಲವನ್ನು ಪೂರ್ತಿಯಾಗಿ ಹೀರಿಕೊಂಡ ಮೇಲೆ, ಅಲ್ಲಿ ಒಂದು ದಿನವಿದ್ದರೂ ಹತ್ತು ದಿನವಿದ್ದರೂ ಏರುವ ಹೊತ್ತು ಒಂದೇ. ಆದುದರಿಂದ ಮುಳುಗುಗಾರರನ್ನು ಹಡಗಿನಲ್ಲಿರುವ ಒತ್ತಡದ ಕೋಣೆಯಲ್ಲಿಯೇ ದಿನಗಟ್ಟಲೆ ಇರಿಸಿ, ಗಂಟೆಯ ಆಕಾರದ ತೊಟ್ಟಿಯಲ್ಲಿ ಕೆಲಸಕ್ಕೆ ಇಳಿಸಿ, ಕೊನೆಗೆ ಒಮ್ಮೆ ಮಾತ್ರ ನಿಧಾನವಾಗಿ ಒತ್ತಡದಿಂದ ಬಿಡಿಸುವರು. ನೌಕಾಪಡೆಯ 'ನಿರೀಕ್ಷಕ್' ಹಡಗಿನವರು ೨೦೧೧ರಲ್ಲಿ ಈ ಕ್ರಮದಿಂದ ೨೫೭ ಮೀಟರ್ ತಲುಪಿದರು. ೨೦೨೫ರ ಜುಲೈ ೧೮ರಂದು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ 'ನಿಸ್ತಾರ್' ೩೦೦ ಮೀಟರಿಗೆ ಸಜ್ಜಾದುದು.

೨೦೧೬ರ ಜುಲೈ ೨೨ರಂದು ವಾಯುಪಡೆಯ ಎಎನ್-೩೨ ವಿಮಾನವೊಂದು ೨೯ ಮಂದಿಯೊಡನೆ ಚೆನ್ನೈ ಸಮೀಪದ ತಾಂಬರಂನಿಂದ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೊರಟು ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದರೂ ಒಂದು ಚೂರೂ ಸಿಕ್ಕಲಿಲ್ಲ. ಏಳೂವರೆ ವರ್ಷಗಳ ಮೇಲೆ, ೨೦೨೪ರ ಜನವರಿಯಲ್ಲಿ, ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಆಳಿಲ್ಲದ ಮುಳುಗುಯಂತ್ರವು ತೆಗೆದ ಚಿತ್ರಗಳಲ್ಲಿ ಎಎನ್-೩೨ಕ್ಕೆ ಹೊಂದುವ ಅವಶೇಷಗಳು ಕಂಡುಬಂದುವೆಂದು ಸರಕಾರವು ಪ್ರಕಟಿಸಿತು. ಆ ಸ್ಥಳದ ಆಳ ಸುಮಾರು ೩,೪೦೦ ಮೀಟರ್. ಒತ್ತಡ ೩೪೦ ವಾಯುಭಾರಕ್ಕೂ ಮೇಲೆ. ಮನೆಗಳನ್ನು ತಲುಪಿದುದು ಆ ಸು‍ದ್ದಿ ಮಾತ್ರ.